ಕಡಿಮೆ ಬೆಲೆ, ಕಡಿಮೆ ಸಂಖ್ಯೆಯ ಸ್ಪೋರ್ಟ್ಸ್ ಕಾರು: ಯಾವ ದಾರಿಯಲ್ಲಿ ಲೆಕ್ಕ ಕೂಡಿಬರುತ್ತದೆ?

ಎರಡು ಸೀಟು, ಹಗುರ ಮೈ, ಸಂಬಳದವರೂ ಸಾಲ ಮಾಡಿ ಕೊಳ್ಳಬಹುದಾದ ಬೆಲೆ. ಇಂಥ ಕಾರು ಬೇಕು ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಮಾಡುವ ಕಂಪನಿಗಳು ಮಾತ್ರ ಬೆರಳೆಣಿಕೆಯಷ್ಟು. ಯಾಕೆ ಅಂತ ಕೇಳಿದರೆ "ಮಾರ್ಕೆಟ್ ಇಲ್ಲ" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನನಗೆ ಈ ಉತ್ತರ ಒಪ್ಪಿಗೆಯಿಲ್ಲ. ಮಾರ್ಕೆಟ್ ಇದೆ, ಚಿಕ್ಕದು ಅಷ್ಟೆ. ಆ ಚಿಕ್ಕ ಮಾರ್ಕೆಟ್‌ಗೆ ದೊಡ್ಡ ಕಾರ್ಖಾನೆಯ ಖರ್ಚು ಸುರಿದವರು ಮುಳುಗಿದರು. ಕಡಿಮೆ ಕಾರು ಮಾರಿಯೇ ಬದುಕಬೇಕು ಅಂತ ಮೊದಲೇ ತೀರ್ಮಾನಿಸಿ, ಅದಕ್ಕೆ ತಕ್ಕ ಹಾಗೆ ಕಾರು ಕಟ್ಟಿದವರು ಉಳಿದುಕೊಂಡರು.

ಹಾಗೆ ಕಟ್ಟಲು ಇರುವ ದಾರಿಗಳನ್ನು ಇಲ್ಲಿ ಅಕ್ಕಪಕ್ಕ ಇಟ್ಟು ನೋಡೋಣ. ಆಟೋಮೊಬೈಲ್ ಓದುತ್ತಿರುವವರು, ಇಂಥದ್ದೊಂದು ಕಂಪನಿ ಶುರು ಮಾಡಬೇಕು ಅಂದುಕೊಂಡವರು, ಈ ಕಾರುಗಳು ಯಾಕೆ ಬಂದಷ್ಟೇ ಬೇಗ ನಿಂತುಹೋಗುತ್ತವೆ ಅಂತ ತಲೆ ಕೆಡಿಸಿಕೊಂಡವರು, ಇವರಿಗೆಲ್ಲ ಉಪಯೋಗಕ್ಕೆ ಬರಬಹುದು.

ಮೊದಲು ಖರ್ಚಿನ ಲೆಕ್ಕ

ಕಾರಿನ ಖರ್ಚಿನಲ್ಲಿ ಎರಡು ಬಗೆ. ಒಂದು, ಪ್ರತಿ ಕಾರಿಗೂ ಬೀಳುವುದು: ತಗಡು, ಟೈರು, ಸೀಟು, ಕೂಲಿ. ಇನ್ನೊಂದು, ಮೊದಲ ಕಾರು ಹೊರಬರುವ ಮುಂಚೆಯೇ ಸುರಿಯಬೇಕಾದದ್ದು: ಡಿಸೈನು, ಕ್ರ್ಯಾಶ್ ಟೆಸ್ಟ್, ಹೊಗೆ ಪರೀಕ್ಷೆ, ಡೈಗಳು (ತಗಡು ಒತ್ತಿ ಆಕಾರ ಕೊಡುವ ಉಕ್ಕಿನ ಅಚ್ಚು), ವೆಲ್ಡಿಂಗ್ ಜಿಗ್‌ಗಳು (ಬೆಸೆಯುವಾಗ ಭಾಗಗಳನ್ನು ಅಲುಗದ ಹಾಗೆ ಹಿಡಿಯುವ ಚೌಕಟ್ಟು). ಡೈ ಅಂದರೆ ಏನು ಖರ್ಚು ಅಂತ ಪೀಣ್ಯದಲ್ಲಿ ಟೂಲ್ ರೂಮ್ ನಡೆಸುವ ಯಾರನ್ನಾದರೂ ಕೇಳಿ ನೋಡಿ. ಒಂದು ಬಾನೆಟ್‌ಗೆ ಒಂದು ಡೈ ಸಾಲದು. ತಗಡನ್ನು ಮೊದಲು ಒತ್ತಿ ಆಕಾರಕ್ಕೆ ತರಬೇಕು, ಆಮೇಲೆ ಹೆಚ್ಚುವರಿ ಅಂಚು ಕತ್ತರಿಸಬೇಕು, ತೂತು ಹೊಡೆಯಬೇಕು, ಅಂಚು ಮಡಚಬೇಕು. ಸಾಮಾನ್ಯವಾಗಿ ಇದಕ್ಕೆಲ್ಲ ಬೇರೆ ಬೇರೆ ಡೈ. ಬಾನೆಟ್‌ನ ಹೊರ ತಗಡಿಗೆ ಒಂದು ಸೆಟ್ ಆದರೆ ಒಳ ತಗಡಿಗೆ ಮತ್ತೊಂದು. ಹೀಗೆ ಇಡೀ ಬಾಡಿಗೆ ಆಗಬೇಕು.

ಸುಮ್ನೆ ಲೆಕ್ಕಕ್ಕೆ ಇಟ್ಟುಕೊಳ್ಳೋಣ, ಈ ಮುಂಗಡ ಖರ್ಚು 500 ಕೋಟಿ. ಒಂದು ಲಕ್ಷ ಕಾರು ಮಾರಿದರೆ ಪ್ರತಿ ಕಾರಿನ ತಲೆ ಮೇಲೆ 50 ಸಾವಿರ ಬೀಳುತ್ತದೆ, ತಡೆದುಕೊಳ್ಳಬಹುದು. ಹತ್ತೇ ಸಾವಿರ ಮಾರಿದರೆ ಕಾರಿಗೆ 5 ಲಕ್ಷ. ಅಲ್ಲಿಗೆ "ಕಡಿಮೆ ಬೆಲೆ" ಅನ್ನುವ ಮಾತೇ ಮುಗಿಯಿತು. ಮುಂದೆ ಹೇಳುವ ಎಲ್ಲ ದಾರಿಗಳೂ ಈ ಮುಂಗಡವನ್ನು ಯಾರ ಮೇಲೆ ಹಂಚಬೇಕು, ಇಲ್ಲವೇ ಹೇಗೆ ಇಳಿಸಬೇಕು ಅನ್ನುವುದರ ಸುತ್ತಲೇ ತಿರುಗುತ್ತವೆ.

ಇನ್ನೊಂದು ವಿಷಯ ಮರೆಯಬಾರದು. ಫ್ಯಾಮಿಲಿ ಕಾರು ವರ್ಷವರ್ಷವೂ ಹೆಚ್ಚುಕಡಿಮೆ ಒಂದೇ ಸಮ ಮಾರಾಟವಾಗುತ್ತದೆ, ಯಾಕಂದ್ರೆ ಹಳೇ ಕಾರು ಸವೆದವರು ಪ್ರತಿವರ್ಷ ಬರುತ್ತಾರೆ. ಸ್ಪೋರ್ಟ್ಸ್ ಕಾರಿನಲ್ಲಿ, ಬೇಕು ಅಂತ ಕಾದಿದ್ದವರೆಲ್ಲ ಮೊದಲ ಒಂದೆರಡು ವರ್ಷದಲ್ಲೇ ಬಂದು ತೆಗೆದುಕೊಂಡು ಹೋಗುತ್ತಾರೆ. ಆಮೇಲೆ ಇಳಿಮುಖ. ಅಮೆರಿಕದ ಪಾಂಟಿಯಾಕ್ ಫಿಯೇರೊ ನೋಡಿ. ಮೊದಲ ವರ್ಷ, 1984ರ ಮಾಡೆಲ್, 1,36,840 ಕಾರು. 1988ಕ್ಕೆ ಅದು 26,402ಕ್ಕೆ ಇಳಿದಿತ್ತು. ಇಷ್ಟು ಬೀಳಲು ಇಂಜಿನ್‌ಗೆ ಬೆಂಕಿ ಬಿದ್ದ ಪ್ರಕರಣಗಳು, ಅದರಿಂದ ಬಂದ ಕೆಟ್ಟ ಹೆಸರೂ ಕಾರಣ. ಆದರೂ 26 ಸಾವಿರ ಸಣ್ಣ ಸಂಖ್ಯೆ ಏನಲ್ಲ. ಅಷ್ಟರಲ್ಲೇ ಲಾಭ ಮಾಡುವ ಎಷ್ಟೋ ಕಂಪನಿಗಳಿವೆ. ಆದರೆ ಫಿಯೇರೊ ತಯಾರಾಗುತ್ತಿದ್ದದ್ದು ಅದಕ್ಕೆಂದೇ ಮೀಸಲಾದ ದೊಡ್ಡ ಕಾರ್ಖಾನೆಯಲ್ಲಿ. ಲಕ್ಷದ ಲೆಕ್ಕದ ಕಾರ್ಖಾನೆಗೆ 26 ಸಾವಿರ ಸಾಲಲಿಲ್ಲ. ಸಂಕಟದ ಸಂಗತಿ ಏನಂದ್ರೆ, ಮೊದಲು ಚೆವೆಟ್ ಮತ್ತು ಸಿಟೇಷನ್ ಎಂಬ ಸಾದಾ ಕಾರುಗಳ ಸಸ್ಪೆನ್ಷನ್ ಹಾಕಿ ಹೇಗೋ ನಡೆಸುತ್ತಿದ್ದ ಆ ಕಾರಿಗೆ 1988ರಲ್ಲಿ ಕೊನೆಗೂ ತಕ್ಕ ಸಸ್ಪೆನ್ಷನ್ ಬಂತು. ಕಾರು ಸರಿಹೋದ ವರ್ಷವೇ ನಿಲ್ಲಿಸಿಬಿಟ್ಟರು.

ಹಾಗಾಗಿ ಯಾವ ದಾರಿ ಹಿಡಿದರೂ ಲೆಕ್ಕ ಹಾಕಬೇಕಾದದ್ದು ಅತಿ ಒಳ್ಳೆಯ ವರ್ಷಕ್ಕಲ್ಲ, ಅತಿ ಕೆಟ್ಟ ವರ್ಷಕ್ಕೆ.

ದಾರಿ ಒಂದು: ಒಬ್ಬರೇ ಮಾಡುವುದು, ಬೇರೆ ಕಾರುಗಳ ಜೊತೆಗೇ ಮಾಡುವುದು

ಇದಕ್ಕೆ ಮಾಜ್ದಾ ಎಂಎಕ್ಸ್-5ಗಿಂತ ಒಳ್ಳೆಯ ಉದಾಹರಣೆ ಇಲ್ಲ. 1989ರ ಫೆಬ್ರವರಿಯಲ್ಲಿ ಷಿಕಾಗೋ ಆಟೋ ಷೋನಲ್ಲಿ ಬಂತು, ಅಮೆರಿಕದಲ್ಲಿ ಬೆಲೆ ಸುಮಾರು 13,800 ಡಾಲರ್. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಕಾರು ಹೊರಬಂತು. ಇಷ್ಟು ವರ್ಷದಲ್ಲಿ ಬರೀ ನಾಲ್ಕು ತಲೆಮಾರು.

ಜನ ಇದನ್ನು ನೋಡಿ "ಮಾಜ್ದಾ ಒಂಟಿಯಾಗಿ ಮಾಡಿ ಗೆದ್ದಿತು" ಅನ್ನುತ್ತಾರೆ. ಅರ್ಧ ನಿಜ. ಮೊದಲ ಎಂಎಕ್ಸ್-5ರ 1.6 ಲೀಟರ್ ಇಂಜಿನ್ ಮಾಜ್ದಾ 323 ಎಂಬ ಸಾದಾ ಕಾರಿನದು. ಅಲ್ಲಿ ಅಡ್ಡ ಕೂತಿದ್ದ ಇಂಜಿನ್ ಇಲ್ಲಿ ಉದ್ದಕ್ಕೆ ತಿರುಗಿ ಕೂತಿತು. ಮೂರನೇ ತಲೆಮಾರು ಬರುವಾಗ ತಮ್ಮದೇ ಇನ್ನೊಂದು ಸ್ಪೋರ್ಟ್ಸ್ ಕಾರು ಆರ್‌ಎಕ್ಸ್-8 ಜೊತೆ ಪ್ಲಾಟ್‌ಫಾರ್ಮ್‌ನ, ಅಂದರೆ ಕಾರಿನ ಅಡಿಪಾಯದ ರಚನೆಯ, ಖರ್ಚು ಹಂಚಿಕೊಂಡರು. ನಾಲ್ಕನೆಯದಕ್ಕೆ ಫಿಯೆಟ್ ಜೊತೆಗಿತ್ತು, ಅದರ ಕತೆ ಕೆಳಗೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಹಿರೋಷಿಮಾದ ಕಾರ್ಖಾನೆ. ಅಲ್ಲಿ ಒಂದೇ ಲೈನ್‌ನಲ್ಲಿ ಬೇರೆ ಬೇರೆ ಮಾಡೆಲ್‌ಗಳು ಒಂದರ ಹಿಂದೆ ಒಂದು ಬರುತ್ತವೆ. ಎಂಎಕ್ಸ್-5ಗೆ ಬೇಡಿಕೆ ಇಳಿದ ವರ್ಷ ಆ ಜಾಗದಲ್ಲಿ ಬೇರೆ ಕಾರು ಓಡುತ್ತದೆ. ಲೈನ್ ಖಾಲಿ ಬೀಳುವುದಿಲ್ಲ, ಕೆಲಸಗಾರರು ಸುಮ್ಮನೆ ಕೂರುವುದಿಲ್ಲ. ಫಿಯೇರೊಗೆ ಇಲ್ಲದೇ ಹೋದದ್ದು ಇದೇ.

ಇನ್ನೊಂದು, ಮಾಜ್ದಾದವರು ಅವಸರ ಮಾಡುವುದಿಲ್ಲ. ಸಾಮಾನ್ಯ ಕಾರನ್ನು ಐದಾರು ವರ್ಷಕ್ಕೆ ಬದಲಾಯಿಸಿದರೆ ಇದನ್ನು ಎಂಟು ಹತ್ತು ವರ್ಷ ಎಳೆಯುತ್ತಾರೆ. ಮೂರನೇ ತಲೆಮಾರು 2005ರಿಂದ 2015ರವರೆಗೆ ನಡೆಯಿತು. ಡೈ ಖರ್ಚು ತೀರಿದ ಮೇಲೆ ಬರುವ ಪ್ರತಿ ಕಾರಿನಲ್ಲೂ ಲಾಭದ ಪಾಲು ಜಾಸ್ತಿ.

ತೊಡಕು ಏನು? ಇದಕ್ಕೆ ನಿಮ್ಮ ಹತ್ತಿರ ಮೊದಲೇ ಒಂದು ಕಾರು ಕಂಪನಿ ಇರಬೇಕು. ಹೊಸಬರಿಗೆ ಈ ದಾರಿ ತೆರೆದೇ ಇಲ್ಲ.

ದಾರಿ ಎರಡು: ಇಬ್ಬರು ಸೇರಿ ಮಾಡುವುದು

ಟೊಯೋಟ 86 ಮತ್ತು ಸುಬಾರು ಬಿಆರ್‌ಜೆಡ್, 2012ರಲ್ಲಿ ಬಂದ ಜೋಡಿ. ಸಿಲಿಂಡರ್‌ಗಳು ಎದುರುಬದುರಾಗಿ ಮಲಗಿರುವ ಬಾಕ್ಸರ್ ಇಂಜಿನ್ ಸುಬಾರುದು, ಅದಕ್ಕೆ ಪೆಟ್ರೋಲ್ ಚಿಮ್ಮಿಸುವ ಡಿ-4ಎಸ್ ವ್ಯವಸ್ಥೆ ಟೊಯೋಟದ್ದು. ಎರಡೂ ಕಾರು ತಯಾರಾಗುವುದು ಜಪಾನಿನ ಗುನ್ಮಾದಲ್ಲಿರುವ ಸುಬಾರು ಕಾರ್ಖಾನೆಯಲ್ಲಿ. 2005ರಲ್ಲೇ ಟೊಯೋಟ ಆ ಕಂಪನಿಯಲ್ಲಿ ಪಾಲು ಕೊಂಡಿತ್ತು, ಹಾಗಾಗಿ ಇದು ಅಪರಿಚಿತರ ನಡುವಿನ ವ್ಯವಹಾರ ಆಗಿರಲಿಲ್ಲ. ಒಬ್ಬರಿಗೆ ಜಗತ್ತಿನಾದ್ಯಂತ ಷೋರೂಮ್ ಇದೆ, ಇನ್ನೊಬ್ಬರಿಗೆ ತಗ್ಗಿನಲ್ಲಿ ಕೂರುವ ಇಂಜಿನ್ ಇದೆ. 2021ರಲ್ಲಿ 2.4 ಲೀಟರ್ ಇಂಜಿನ್‌ನೊಂದಿಗೆ ಎರಡನೇ ತಲೆಮಾರೂ ಬಂತು. ಲೆಕ್ಕ ಕೂಡದಿದ್ದರೆ ಇಬ್ಬರೂ ಎರಡನೇ ಸಲ ಕೈ ಹಾಕುತ್ತಿರಲಿಲ್ಲ ಅಂತ ನನ್ನ ಅಂದಾಜು.

ಈಗ ಫಿಯೆಟ್ 124 ಸ್ಪೈಡರ್. ಇದು ಅದೇ ದಾರಿಯಲ್ಲಿ ಕಾಲು ಜಾರಿದ ಕತೆ. ಮೊದಲ ಮಾತುಕತೆ ಪ್ರಕಾರ ಎಂಎಕ್ಸ್-5ರ ಜೊತೆ ಹುಟ್ಟಬೇಕಿದ್ದದ್ದು ಫಿಯೆಟ್ ಗುಂಪಿನದೇ ಆದ ಆಲ್ಫಾ ರೋಮಿಯೋ ಬ್ರ್ಯಾಂಡಿನ ಸ್ಪೈಡರ್. ಆಲ್ಫಾ ಕಾರು ಇಟಲಿಯಲ್ಲೇ ತಯಾರಾಗಬೇಕು ಅಂತ ಆಮೇಲೆ ಮೇಲಿನವರು ತೀರ್ಮಾನಿಸಿದರು. ಕಾರು ಫಿಯೆಟ್ ಹೆಸರಿಗೆ ಬಂತು. ಇಟಲಿಯಿಂದ 1.4 ಲೀಟರ್ ಟರ್ಬೊ ಇಂಜಿನ್ ಹಡಗು ಹತ್ತಿ ಹಿರೋಷಿಮಾಗೆ ಹೋಗಿ, ಅಲ್ಲಿ ಕಾರಿಗೆ ಕೂತು, ಮತ್ತೆ ಹಡಗು ಹತ್ತಿ ಯುರೋಪಿಗೂ ಅಮೆರಿಕಕ್ಕೂ ಹೋಗುತ್ತಿತ್ತು. 2016ರಲ್ಲಿ ಮಾರುಕಟ್ಟೆಗೆ ಬಂದದ್ದು 2020ಕ್ಕೆ ಮುಗಿಯಿತು. ಕಾರು ಚೆನ್ನಾಗಿಯೇ ಇತ್ತು, ಆದರೆ ಅಕ್ಕಪಕ್ಕದ ಷೋರೂಮ್‌ನಲ್ಲಿ ಅದರ ಮೂಲ ಎಂಎಕ್ಸ್-5 ನಿಂತಿತ್ತಲ್ವಾ. ಮಾಜ್ದಾಗೆ ಮಾತ್ರ ಇದರಿಂದ ನಷ್ಟವಿಲ್ಲ, ಆ ನಾಲ್ಕು ವರ್ಷ ಅದರ ಲೈನ್‌ಗೆ ಹೆಚ್ಚುವರಿ ಕೆಲಸ ಸಿಕ್ಕಿತು.

ಈ ಎರಡು ಜೋಡಿ ನೋಡಿದರೆ ಒಂದು ಸಂಗತಿ ಗೊತ್ತಾಗುತ್ತದೆ. ಪಾಲುದಾರಿಕೆಯಲ್ಲಿ ಕಾರ್ಖಾನೆ ಯಾರದ್ದೋ ಅವರ ಕೈ ಮೇಲು. ನೀವು ಬರೀ ಹೆಸರಿನ ಪಟ್ಟಿ ಅಂಟಿಸುವವರಾಗಿದ್ದರೆ ಸೇರುವ ಮೊದಲು ಎರಡು ಸಲ ಯೋಚಿಸಿ.

ಹಿಡಿಯಬಾರದ ದಾರಿ

ಹೊಸ ಪ್ಲಾಟ್‌ಫಾರ್ಮ್, ಹೊಸ ಬಾಡಿ, ಹೊಸ ಲೈನ್, ಎಲ್ಲವನ್ನೂ ಬರೀ ಸ್ಪೋರ್ಟ್ಸ್ ಕಾರಿಗೋಸ್ಕರವೇ ಮಾಡುವುದು. ಜನರಲ್ ಮೋಟರ್ಸ್ ಪಾಂಟಿಯಾಕ್ ಸೋಲ್ಸ್ಟಿಸ್, ಸ್ಯಾಟರ್ನ್ ಸ್ಕೈ ಮಾಡಿದ್ದು ಹೀಗೆ. ಕಾಪಾ ಅನ್ನುವ ಆ ಪ್ಲಾಟ್‌ಫಾರ್ಮ್‌ನಲ್ಲಿ ಚಿಕ್ಕ ಸ್ಪೋರ್ಟ್ಸ್ ಕಾರು ಬಿಟ್ಟು ಬೇರೇನೂ ಹುಟ್ಟಲಿಲ್ಲ. ಬೆಲೆ 20 ಸಾವಿರ ಡಾಲರ್‌ನ ಒಳಗೆ ಶುರುವಾಗುತ್ತಿತ್ತು, ನೋಡಲು ಬಹಳ ಚೆಂದ, ಜನ ಮುಗಿಬಿದ್ದರು. ರಿವರ್ಸ್ ಲೈಟು, ಗೇರ್‌ಬಾಕ್ಸ್ ಎಲ್ಲ ಕಂಪನಿಯ ಬೇರೆ ಗಾಡಿಗಳಿಂದಲೇ ತಂದು ಖರ್ಚು ಇಳಿಸಿದ್ದರು. ಆದರೂ ಪ್ಲಾಟ್‌ಫಾರ್ಮ್ ಮತ್ತು ಕಾರ್ಖಾನೆಯ ಭಾರ ಹೊರಲು ಬೇರೆ ಕಾರು ಇರಲಿಲ್ಲ. 2009ರಲ್ಲಿ ಕಂಪನಿ ದಿವಾಳಿಯಾದಾಗ ಡೆಲವೇರ್‌ನ ಆ ಕಾರ್ಖಾನೆಯೂ ಮುಚ್ಚಿತು, ಕಾರೂ ಹೋಯಿತು.

ದಾರಿ ಮೂರು: ಡೈ ಇಲ್ಲದ ಹಾಗೆ ಕಾರು ಕಟ್ಟುವುದು

ನನಗೆ ತೀರಾ ಇಷ್ಟವಾದ ದಾರಿ ಇದು, ಹೊಸಬರು ಅತಿ ಹೆಚ್ಚು ಕಲಿಯಬೇಕಾದದ್ದೂ ಇಲ್ಲೇ.

1996ರಲ್ಲಿ ಇಂಗ್ಲೆಂಡಿನ ಲೋಟಸ್ ಎಲೀಸ್ ಎಂಬ ಕಾರು ತಂದಿತು. ಅದಕ್ಕೆ ತಗಡು ಒತ್ತಿ ಮಾಡಿದ ಬಾಡಿ ಇಲ್ಲ. ಚಾಸಿ, ಅಂದರೆ ಕಾರಿನ ಅಸ್ಥಿಪಂಜರ, ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್‌ನದು. ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತಿದ ಹಾಗೆ, ಬಿಸಿ ಅಲ್ಯೂಮಿನಿಯಂ ಅನ್ನು ಅಚ್ಚಿನ ಕಿಂಡಿಯಿಂದ ನೂಕಿದರೆ ಉದ್ದಕ್ಕೆ ಒಂದೇ ಆಕಾರದ ಪಟ್ಟಿ ಬರುತ್ತದೆ. ಆ ಅಚ್ಚು ತಗಡಿನ ಡೈಗಿಂತ ಎಷ್ಟೋ ಪಾಲು ಅಗ್ಗ. ಪಟ್ಟಿಗಳನ್ನು ಅಳತೆಗೆ ಕತ್ತರಿಸಿ, ಇಪಾಕ್ಸಿ ಅಂಟಿನಿಂದ ಕೂಡಿಸಿ, ಅಂಟು ಕಿತ್ತು ಬರದ ಹಾಗೆ ತುದಿಗಳಲ್ಲಿ ಸ್ಕ್ರೂ ಹಾಕಿ, ಒಲೆಯಲ್ಲಿ ಬಿಸಿ ಮಾಡಿ ಗಟ್ಟಿ ಮಾಡುತ್ತಿದ್ದರು. ವೆಲ್ಡಿಂಗ್ ಇಲ್ಲದ ಕಾರಣ ತೆಳು ಪಟ್ಟಿ ಸಾಕಾಯಿತು. ಚಾಸಿಯ ತೂಕ ಸುಮಾರು 68 ಕೆಜಿ, ಇಡೀ ಕಾರು ಸುಮಾರು 725 ಕೆಜಿ. ಹೊರಮೈ ಫೈಬರ್‌ನದು. ಫೈಬರ್ ಅಚ್ಚು ಅಗ್ಗ, ಆದರೆ ಒಂದೊಂದು ಪ್ಯಾನೆಲ್ ಮಾಡಲು ಹೊತ್ತು ಹಿಡಿಯುತ್ತದೆ. ಲಕ್ಷ ಕಾರಿಗೆ ಇದು ಆಗದ ಮಾತು. ವರ್ಷಕ್ಕೆ ಒಂದೆರಡು ಸಾವಿರಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅಂದರೆ ಮುಂಗಡ ಖರ್ಚು ಇಳಿಸಿ, ಪ್ರತಿ ಕಾರಿನ ಖರ್ಚು ಸ್ವಲ್ಪ ಏರಿದರೂ ಸರಿ ಅಂತ ಒಪ್ಪಿಕೊಂಡರು.

ಹೀಗೆ 25 ವರ್ಷ ನಡೆಯಿತು. 2021ರಲ್ಲಿ ನಿಲ್ಲುವಾಗ ಸುಮಾರು 35 ಸಾವಿರ ಎಲೀಸ್ ತಯಾರಾಗಿದ್ದವು. ಫಿಯೇರೊ ಮೊದಲ ವರ್ಷ ಮಾರಿದ್ದರ ಕಾಲು ಭಾಗ ಅಷ್ಟೆ, ಆದರೆ ಬದುಕಿದ್ದು ಐದು ಪಟ್ಟು.

ಲೋಟಸ್ ತನ್ನ ಚಾಸಿಯನ್ನೇ ಒಂದು ಸರಕಾಗಿ ಮಾರಿತು ಅನ್ನುವುದನ್ನೂ ಗಮನಿಸಿ. ಮೊದಲ ಎಲೀಸ್ 2000ದ ನಂತರದ ಯುರೋಪಿನ ಹೊಸ ನಿಯಮಗಳಿಗೆ ಸರಿಹೊಂದುತ್ತಿರಲಿಲ್ಲ. ಎರಡನೆಯದನ್ನು ತಯಾರು ಮಾಡಲು ದುಡ್ಡು ಬೇಕಿತ್ತು. ಜನರಲ್ ಮೋಟರ್ಸ್ ಮುಂದೆ ಬಂತು. ಅದಕ್ಕೆ ಬದಲಾಗಿ ಜನರಲ್ ಮೋಟರ್ಸ್‌ನದೇ ಬ್ರ್ಯಾಂಡ್‌ಗಳ ಹೆಸರಿನ ಕಾರು, ಓಪೆಲ್ ಸ್ಪೀಡ್‌ಸ್ಟರ್, ಬ್ರಿಟನ್ನಿನಲ್ಲಿ ವಾಕ್ಸಾಲ್ ವಿಎಕ್ಸ್220, ಲೋಟಸ್‌ನ ಹೆಥೆಲ್ ಕಾರ್ಖಾನೆಯಲ್ಲೇ ತಯಾರಾಯಿತು. ಆಮೇಲೆ ಟೆಸ್ಲಾದ ಮೊದಲ ಕಾರು ರೋಡ್‌ಸ್ಟರ್, ಸುಮಾರು 2,450, ಅದಕ್ಕೂ ಇಂಜಿನ್ ಇಲ್ಲದ ಬಾಡಿಗಳು ಹೋದದ್ದು ಇಲ್ಲಿಂದಲೇ. ಒಂದು ಒಳ್ಳೆಯ ಚಾಸಿ ಇದ್ದರೆ ಬೇರೆಯವರ ದುಡ್ಡಿನಲ್ಲಿ ನಿಮ್ಮ ಮುಂದಿನ ಮಾಡೆಲ್ ಬೆಳೆಯಬಹುದು.

ಅಪಾಯ ಇರುವುದು ಇಂಜಿನ್‌ನಲ್ಲಿ. ಎಲೀಸ್ ಶುರುವಾದದ್ದು ರೋವರ್ ಕೆ-ಸೀರೀಸ್ 1.8 ಲೀಟರ್ ಇಂಜಿನ್‌ನಿಂದ. 2005ರ ಏಪ್ರಿಲ್‌ನಲ್ಲಿ ರೋವರ್ ಕಂಪನಿಯೇ ಮುಳುಗಿತು. ಲೋಟಸ್ ಅಷ್ಟರಲ್ಲಿ ಟೊಯೋಟ ಇಂಜಿನ್ ತಂದು ಹಾಕಿಯಾಗಿತ್ತು, ಅದಕ್ಕೇ ಉಳಿಯಿತು. ಒಬ್ಬರನ್ನೇ ನಂಬಿ ಕೂತಿದ್ದರೆ ಚಾಸಿ ಎಷ್ಟೇ ಚೆನ್ನಾಗಿದ್ದರೂ ಕೆಲಸಕ್ಕೆ ಬರುತ್ತಿರಲಿಲ್ಲ.

ದಾರಿ ನಾಲ್ಕು: ವರ್ಕ್‌ಶಾಪ್ ಗಾತ್ರದಲ್ಲೇ ಇರುವುದು

1957ರ ಲೋಟಸ್ ಸೆವೆನ್ ಅನ್ನು ಲೋಟಸ್ ಕೈಬಿಟ್ಟಾಗ 1973ರಲ್ಲಿ ಅದರ ಹಕ್ಕು ಕೊಂಡದ್ದು ಕೇಟರ್‌ಹ್ಯಾಮ್. ಇವತ್ತಿಗೂ ಅದೇ ಆಕಾರದ ಕಾರು ಮಾಡುತ್ತಿದೆ. ಪೈಪಿನ ಚಾಸಿ, ಮೇಲೆ ಅಲ್ಯೂಮಿನಿಯಂ ತಗಡು, ಮೂಗು ಮತ್ತು ಮಡ್‌ಗಾರ್ಡ್ ಫೈಬರ್. ವರ್ಷಕ್ಕೆ ನೂರುಗಳ ಲೆಕ್ಕ. ಬೇಕಾದವರು ಬಿಡಿಭಾಗ ತರಿಸಿಕೊಂಡು ಮನೆಯಲ್ಲೇ ಜೋಡಿಸಬಹುದು. ಇದರಲ್ಲಿ ಜೋಡಿಸುವ ಕೂಲಿ ಉಳಿಯುತ್ತದೆ, ಕೊಂಡವನಿಗೆ ಕಾರಿನ ಮೇಲೆ ಬಿಡದ ಮಮತೆಯೂ ಹುಟ್ಟುತ್ತದೆ. ಸುಜುಕಿಯ 660 ಸಿಸಿ ಇಂಜಿನ್ ಹಾಕಿದ ಮಾಡೆಲ್ ಜಪಾನಿನಲ್ಲಿ ಚಿಕ್ಕ ಕಾರುಗಳ ಕೇ ವರ್ಗಕ್ಕೆ ಸೇರುತ್ತದೆ. ಆ ದೇಶದ ತೆರಿಗೆ ನಿಯಮಕ್ಕೆ ತಕ್ಕ ಇಂಜಿನ್ ಆರಿಸಿ ಒಂದು ಮಾರ್ಕೆಟ್ ಗೆಲ್ಲುವ ಜಾಣತನ ಇದು.

ಲಾಭ ಸಣ್ಣದು, ನಷ್ಟವೂ ಸಣ್ಣದು. ಆದರೆ ಬಾಗಿಲು, ಏಸಿ, ಏರ್‌ಬ್ಯಾಗ್ ಬೇಕು ಅನ್ನುವವರಿಗೆ ಈ ಕಾರು ಆಗುವುದಿಲ್ಲ.

ಕಾನೂನು ಯಾರನ್ನೂ ಬಿಡುವುದಿಲ್ಲ

ಕಡಿಮೆ ಸಂಖ್ಯೆಯ ಕಾರುಗಳನ್ನು ಕೊಲ್ಲುವುದರಲ್ಲಿ ಈಗ ಬೇಡಿಕೆಗಿಂತ ನಿಯಮಗಳ ಪಾಲೇ ಜಾಸ್ತಿ. ಒಂದು ಹೊಸ ಸುರಕ್ಷತಾ ನಿಯಮಕ್ಕೆ ತಕ್ಕಂತೆ ಕಾರು ಬದಲಿಸುವ ಖರ್ಚು, ಲಕ್ಷ ಮಾರುವವರಿಗೂ ಸಾವಿರ ಮಾರುವವರಿಗೂ ಹೆಚ್ಚುಕಡಿಮೆ ಒಂದೇ. ಅಮೆರಿಕದಲ್ಲಿ ಎಲೀಸ್ ಮಾರಾಟವಾಗುತ್ತಿದ್ದದ್ದು ಏರ್‌ಬ್ಯಾಗ್ ನಿಯಮದಿಂದ ಸಿಕ್ಕ ವಿನಾಯಿತಿಯ ಮೇಲೆ. 2011ರಲ್ಲಿ ವಿನಾಯಿತಿ ಮುಗಿಯಿತು, ರಸ್ತೆಗಿಳಿಯುವ ಎಲೀಸ್ ಅಲ್ಲಿಂದ ಹೊರಬಿತ್ತು. ಯುರೋಪಿನಲ್ಲಿ 2024ರ ಜುಲೈಗೆ ಬಂದ ನಿಯಮಗಳು ಟೊಯೋಟ ಜಿಆರ್86 (ಮೇಲೆ ಹೇಳಿದ 86ರ ಎರಡನೇ ತಲೆಮಾರು) ಅನ್ನು ಎರಡೇ ವರ್ಷದಲ್ಲಿ ಮಾರುಕಟ್ಟೆಯಿಂದ ಎಬ್ಬಿಸಿದವು. ಟೊಯೋಟದಂಥ ಕಂಪನಿಯೇ ಈ ಖರ್ಚು ಬೇಡ ಅಂದಿತು ಅಂದರೆ ಉಳಿದವರ ಪಾಡು ಊಹಿಸಿ.

ಯುರೋಪಿನಲ್ಲಿ ವರ್ಷಕ್ಕೆ 1,500ರೊಳಗಿನ ಸಣ್ಣ ಸರಣಿಗೆ ಪ್ರತ್ಯೇಕ ಅನುಮತಿ ವ್ಯವಸ್ಥೆ ಇದೆ. ಆ ಮಿತಿಯೊಳಗೇ ಬದುಕುವ ಹಾಗೆ ಲೆಕ್ಕ ಹಾಕಿದರೆ ಉಸಿರಾಡಲು ಜಾಗ ಸಿಗುತ್ತದೆ. ವಿನಾಯಿತಿ ಇದೆ ಅಂತ ಅದರ ಮೇಲೆಯೇ ಇಡೀ ವ್ಯಾಪಾರ ಕಟ್ಟಬೇಡಿ.

ಎಷ್ಟು ಕಾರಿಗೆ ಯಾವ ದಾರಿ?

ವರ್ಷಕ್ಕೆ ಕೆಲವು ನೂರು ಮಾರಬಹುದು ಅಂತ ಇದ್ದರೆ ಕೇಟರ್‌ಹ್ಯಾಮ್ ದಾರಿ, ಬೇರೆ ಯೋಚನೆಯೇ ಬೇಡ. ಒಂದರಿಂದ ಮೂರು ಸಾವಿರದವರೆಗೆ ಎಲೀಸ್ ದಾರಿ. ಹತ್ತು ಸಾವಿರ ದಾಟುತ್ತದೆ ಅಂದರೆ ಮಾತ್ರ ತಗಡು ಒತ್ತುವ ಬಾಡಿ, ಅದೂ ಪಾಲುದಾರರ ಜೊತೆ ಅಥವಾ ಬೇರೆ ಕಾರು ಓಡುವ ಲೈನ್‌ನಲ್ಲಿ. ಮೂರು ಸಾವಿರಕ್ಕೂ ಹತ್ತು ಸಾವಿರಕ್ಕೂ ನಡುವಿನ ಜಾಗವೇ ಅತಿ ಅಪಾಯದ್ದು. ಫೈಬರ್‌ಗೆ ಅದು ಜಾಸ್ತಿ, ಡೈಗೆ ಅದು ಕಮ್ಮಿ. ನಿಮ್ಮ ಅಂದಾಜು ಅಲ್ಲಿ ಬಂದು ನಿಂತರೆ ಸಂಖ್ಯೆಯನ್ನು ಬೇಕೆಂದೇ ಇಳಿಸಿ, ಜನ ಕಾಯಲಿ. ಕಾಯುವ ಪಟ್ಟಿ ಇದ್ದರೆ ಮೊದಲ ವರ್ಷದ ನೂಕುನುಗ್ಗಲು ನಾಲ್ಕೈದು ವರ್ಷಕ್ಕೆ ಹರಡಿಕೊಳ್ಳುತ್ತದೆ. ಈ ಗಡಿಗಳು ನನ್ನ ಲೆಕ್ಕಾಚಾರದವು, ನಿಮ್ಮ ಕಾರಿಗೆ ತಕ್ಕಂತೆ ಸ್ವಲ್ಪ ಆಚೀಚೆ ಆಗಬಹುದು.

ನಮ್ಮಲ್ಲಿ?

ಪ್ರಯತ್ನ ಆಗಿಲ್ಲ ಅನ್ನಬೇಡಿ. 1990ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನ ಸ್ಯಾನ್ ಕಂಪನಿ ಸ್ಟಾರ್ಮ್ ಎಂಬ ಎರಡು ಸೀಟಿನ ಕಾರು ತಂದಿತು. ಫೈಬರ್ ಬಾಡಿ, ರೆನೋದ 1.2 ಲೀಟರ್ ಇಂಜಿನ್, 60 ಕುದುರೆಶಕ್ತಿ. ಮಾಡಿದ ರೀತಿ ಸರಿಯಾಗಿಯೇ ಇತ್ತು, ಇಂಜಿನ್ ಮಾತ್ರ ಸೊರಗಿದ್ದು. ಹೆಚ್ಚು ಮಾರಾಟವಾಗಲಿಲ್ಲ.

ಆಗ ಇಲ್ಲದ ಅನುಕೂಲ ಈಗ ಇದೆ. 2025ರ ಸೆಪ್ಟೆಂಬರ್‌ನಿಂದ ನಾಲ್ಕು ಮೀಟರ್ ಒಳಗಿನ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ 18%, ಅದನ್ನು ದಾಟಿದರೆ 40%. ಎಂಎಕ್ಸ್-5 ಉದ್ದದಲ್ಲಿ 3,915 ಮಿಲಿಮೀಟರ್, ಪಾಸಾಗುತ್ತದೆ. 1.5 ಲೀಟರ್ ಇಂಜಿನ್ ಇರುವುದರಿಂದ ಫೇಲು. ಎಲೀಸ್ ಅಳತೆಯ ಕಾರು, ಅಂದರೆ 3.7 ಮೀಟರ್ ಚಿಲ್ಲರೆ, ಆರಾಮಾಗಿ ಒಳಗೆ ಕೂರುತ್ತದೆ. ಇಂಜಿನ್? ಮೊದಲ ಎಲೀಸ್‌ಗೆ ಇದ್ದದ್ದು 118 ಕುದುರೆಶಕ್ತಿ. ಇವತ್ತು ಹ್ಯುಂಡೈ ಐ20 ಎನ್ ಲೈನ್‌ನಲ್ಲಿರುವ 998 ಸಿಸಿ ಟರ್ಬೊ ಇಂಜಿನ್‌ಗೆ 120 ಪಿಎಸ್ (ಹೆಚ್ಚುಕಡಿಮೆ ಅಷ್ಟೇ ಕುದುರೆಶಕ್ತಿ) ಇದೆ. ಟಾಟಾ, ಮಹೀಂದ್ರಾ ಇಬ್ಬರ ಹತ್ತಿರವೂ 1.2 ಲೀಟರ್ ಟರ್ಬೊ ಇಂಜಿನ್‌ಗಳಿವೆ. ಈಗಿನ ಕ್ರ್ಯಾಶ್ ನಿಯಮಕ್ಕೆ ತಕ್ಕ ಹಾಗೆ ಮಾಡಿದರೆ ತೂಕ 725 ಕೆಜಿಯಲ್ಲಿ ನಿಲ್ಲುವುದಿಲ್ಲ ನಿಜ. 850 ಕೆಜಿ ಆದರೂ ಘಾಟಿ ರಸ್ತೆಯಲ್ಲಿ ಅದು ಬೇರೆಯೇ ಅನುಭವ.

ಮಾಡುವವರು ಇದ್ದರೆ ಕೆಲಸದ ಕ್ರಮ ಹೀಗಿರಲಿ. ಮೊದಲು ಇಂಜಿನ್, ಗೇರ್‌ಬಾಕ್ಸ್, ಅದರ ಈಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮತ್ತು ವೈರಿಂಗ್ ಸಮೇತ ಎಷ್ಟು ವರ್ಷ ಕೊಡುತ್ತಾರೆ ಅಂತ ತಯಾರಕರಿಂದ ಬರೆಸಿಕೊಳ್ಳಿ, ಸಾಧ್ಯವಾದರೆ ಇಬ್ಬರಿಂದ. ಆಮೇಲೆ ವಾಹನ ಪರೀಕ್ಷಿಸುವ ಸಂಸ್ಥೆಗಳಾದ ಪುಣೆಯ ಎಆರ್‌ಎಐ ಅಥವಾ ಮಾನೇಸರ್‌ನ ಐಕ್ಯಾಟ್‌ಗೆ ಹೋಗಿ ಟೈಪ್ ಅಪ್ರೂವಲ್‌ನ, ಅಂದರೆ ಕಾರಿನ ಮಾಡೆಲ್‌ಗೆ ಮಾರಾಟದ ಅನುಮತಿ ಪಡೆಯುವ, ಪೂರ್ತಿ ಖರ್ಚು ಕೇಳಿ. ಈ ಎರಡು ಮೊತ್ತ ಕಾಗದದ ಮೇಲೆ ಬಂದ ಮೇಲೆ ಚಾಸಿಗೆ ಕೈ ಹಾಕಿ. ಬಾಡಿಯ ಸ್ಕೆಚ್ ಕೊನೆಗೆ ಇರಲಿ.